ಬೀಚಿಯವರೂ ಅವರನ್ನು ಮೆಚ್ಚಿದವರೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂತಹ ವೇದಿಕೆಯಲ್ಲಿ ಪಂಪನನ್ನೋ ಕುಮಾರವ್ಯಾಸನನ್ನೋ ನೆನೆಯುವುದು ವಾಡಿಕೆ. ಈ ಸಲ ವಾಡಿಕೆಯನ್ನು ಮೀರಿ ನಗೆಗಾರರೊಬ್ಬರನ್ನು ನೆನೆಯಲು ತಮ್ಮ ಅಪ್ಪಣೆ ಬೇಡುತ್ತೇವೆ. ರಾಯಸಂ ಭೀಮಸೇನರಾಯರೆಂದರೆ ಎಷ್ಟು ಜನ ಗುರುತಿಸುವರೋ ತಿಳಿಯದು. ಬೀಚಿ ಎಂದೊಡನೆ ಹಿಂದಿನ ಸಾಲಿನ ಹುಡುಗರೂ ನಗಲು ಸಿದ್ಧರಾಗುತ್ತಾರೆ.

ಬೀಚಿಯವರು 1913ರಲ್ಲಿ, ಅಂದಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ ಹುಟ್ಟಿದರು. ನಮ್ಮ ಆದವಾನಿಯೂ ಆಗ ಅದೇ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಬಳ್ಳಾರಿ ಮೈಸೂರಿಗೆ ಸೇರಿತು. ಆದುದರಿಂದ ಅವರನ್ನು ನಮ್ಮ ಜಿಲ್ಲೆಯವರೆಂದು ಹೇಳಿಕೊಳ್ಳುವ ಹಕ್ಕು ನಮಗೆ ಉಂಟು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡವರು; ಹೊಟ್ಟೆಪಾಡಿಗೆ ಪೊಲೀಸ್ ಇಲಾಖೆಯ ನೌಕರಿ. ನಗಲು ಇವೆರಡರಲ್ಲಿ ಯಾವುದೂ ಕಾರಣವಲ್ಲ!

ಮೊದಮೊದಲು ಅವರ ಒಲವು ಇಂಗ್ಲಿಷಿನ ಕಡೆಗಿತ್ತು. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವನ್ನು ಓದಿದ ಮೇಲೆ ಮನಸ್ಸು ಕನ್ನಡಕ್ಕೆ ತಿರುಗಿತು. ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ‘ಸಂಧ್ಯಾರಾಗ’ ಸಂಗೀತಗಾರನೊಬ್ಬನ ಬಾಳಿನ ಗಂಭೀರವಾದ ಕಾದಂಬರಿ. ಅದನ್ನು ಅಷ್ಟೊಂದು ಮೆಚ್ಚಿದವರು ಮತ್ತೊಂದು ‘ಸಂಧ್ಯಾರಾಗ’ವನ್ನು ಬರೆಯಹೋಗಲಿಲ್ಲ, ತಿಮ್ಮನನ್ನು ಹುಟ್ಟಿಸಿದರು! ಪೆದ್ದನಂತೆ ಬಾಯಿ ತೆರೆದು ಜಾಣರ ಬಾಯಿ ಮುಚ್ಚಿಸುವ ತಿಮ್ಮ. ಮೆಚ್ಚುಗೆಯಲ್ಲಿ ಇಂತಹುದೂ ಒಂದು ಬಗೆಯುಂಟು. ಅದು ಗುರುವಿನ ಅಂಗಿಯನ್ನು ತೊಡುವುದಿಲ್ಲ, ಅವನಿಂದ ಧೈರ್ಯವನ್ನು ಮಾತ್ರ ಪಡೆಯುತ್ತದೆ.

ಅವರ ರುಜುವನ್ನು ನೋಡಿದವರು ಬಲ್ಲರು: ‘ಬೀ’ ಕನ್ನಡದಲ್ಲಿ, ‘ಚಿ’ ಇಂಗ್ಲಿಷ್ ಲಿಪಿಯಲ್ಲಿ. ಆತ್ಮಕಥೆಗೆ ‘ಭಯಾಗ್ರಫಿ’ ಎಂದು ಹೆಸರಿಟ್ಟರು. ‘ಸುಧಾ’ ವಾರಪತ್ರಿಕೆಯಲ್ಲಿ ಅವರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಕಾಲದಲ್ಲಿ, ಕೇಳುವವನೂ ತನ್ನ ಪ್ರಶ್ನೆಯನ್ನು ಹತ್ತು ಸಲ ತಿದ್ದಿ ಕಳುಹಿಸಬೇಕಾಗಿತ್ತು. ಸಪ್ಪೆ ಪ್ರಶ್ನೆ ಕೇಳಿದವನ ಗತಿ ನೆಟ್ಟಗಿರುತ್ತಿರಲಿಲ್ಲ. ಇದೂ ಒಂದು ಬರವಣಿಗೆಯ ಪಾಠಶಾಲೆಯೇ ಅಲ್ಲವೆ? ಅವರ ಶ್ಲೇಷೆಗಳೆಲ್ಲವೂ ಒಂದೇ ತೂಕದವೆಂದು ನಾವು ವಾದಿಸುವುದಿಲ್ಲ, ಕೆಲವು ಹಳಸಿವೆ. ಆದರೆ ‘ಇದು ಸಾಹಿತ್ಯವೇ?’ ಎಂದು ಮೂಗು ಮುರಿದ ಪಂಡಿತರ ಮನೆಗಳಲ್ಲಿಯೂ ಆ ಪುಸ್ತಕಗಳು ದಿಂಬಿನ ಕೆಳಗೆ ಇರುತ್ತಿದ್ದುವೆಂಬುದು ನಮ್ಮ ಗುಮಾನಿ.

1980ರಲ್ಲಿ ಬೀಚಿಯವರು ತೀರಿಕೊಂಡರು. ತಿಮ್ಮ ತೀರಲಿಲ್ಲ. ಅವರ ಪುಸ್ತಕಗಳಿಂದ ಸ್ಫೂರ್ತಿಗೊಂಡ ಗಂಗಾವತಿಯ ಪ್ರಾಣೇಶರು ಲೇಖನಿಯ ಹಾಸ್ಯವನ್ನು ವೇದಿಕೆಗೆ ತಂದರು. ಜನ ಅವರನ್ನು ‘ಅಭಿನವ ಬೀಚಿ’ ಎಂದು ಕರೆದರು. ಅವರ ಮಾತು ಕೇಳಿ ನಗಲು ಲಿಪಿ ತಿಳಿದಿರಬೇಕಾಗಿಲ್ಲ. ನಮ್ಮ ಗಡಿಯ ಮಕ್ಕಳಿಗೆ ಇದು ಭಾಗ್ಯವೂ ಹೌದು, ಅಪಾಯವೂ ಹೌದು. ಕಿವಿಯಲ್ಲಿ ಕನ್ನಡ ಉಳಿದು ಕಣ್ಣಿನಿಂದ ಜಾರುತ್ತಿದೆ.

ಕಳೆದ ವರ್ಷದ ನಮ್ಮ ನಗೆಕೂಟದಲ್ಲಿ ಹುಡುಗನೊಬ್ಬ ಎದ್ದು ನಿಂತು ತಾನೇ ಕಟ್ಟಿದ ತಿಮ್ಮನ ಪ್ರಸಂಗವನ್ನು ಓದಿದನು. ಅವನ ಅಜ್ಜಿ ರಾತ್ರಿ ಊಟವಾದ ಮೇಲೆ ಬೀಚಿಯವರನ್ನು ಓದಿ ಹೇಳುವರಂತೆ. ಅಧಿಕಾರಿಯೊಬ್ಬನು ತಿಮ್ಮನನ್ನು, ‘ನಿನ್ನ ಊರು ಯಾವ ರಾಜ್ಯದ್ದಯ್ಯಾ?’ ಎಂದು ಕೇಳುತ್ತಾನೆ. ತಿಮ್ಮ ಹೇಳುತ್ತಾನೆ: ‘ಊರು ಇದ್ದಲ್ಲೇ ಇದೆ ಸ್ವಾಮಿ, ರಾಜ್ಯವೇ ಎದ್ದು ಹೋಯಿತು!’

ಸಭೆ ನಕ್ಕಿತು, ಹಿರಿಯರಲ್ಲಿ ಕೆಲವರು ನಕ್ಕು ಸುಮ್ಮನಾದರು. ಸಂಚಿಕೆಗಾಗಿ ನಾವು ಅವನ ಹಾಳೆಯನ್ನು ಕೇಳಿ ಪಡೆದೆವು. ನೋಡಿದರೆ ಕನ್ನಡ ಮಾತುಗಳೆಲ್ಲವೂ ತೆಲುಗು ಅಕ್ಷರಗಳಲ್ಲಿದ್ದುವು. ನಾವೇ ಬರೆದುಕೊಳ್ಳುತ್ತೇವೆಂದರೆ ಹುಡುಗ ಒಪ್ಪಲಿಲ್ಲ. ‘ಅಜ್ಜಿಯ ಹತ್ತಿರ ಕಲಿತು ನಾನೇ ಬರೆದು ಕೊಡುವೆ’ ಎಂದನು. ಆ ಬರೆಹ ಎರಡು ತಿಂಗಳು ತಡವಾಗಿ ನಮ್ಮ ಕೈ ಸೇರಿತು. ಒತ್ತಕ್ಷರಗಳಲ್ಲಿ ನಾಲ್ಕಾರು ತಪ್ಪುಗಳಿದ್ದುವು. ಅವನ್ನಷ್ಟೇ ತಿದ್ದಿ, ಮಿಕ್ಕುದನ್ನು ಅವನು ಬರೆದಂತೆಯೇ ಈ ಸಂಚಿಕೆಯಲ್ಲಿ ಅಚ್ಚು ಮಾಡಿದ್ದೇವೆ.