ಆದಿಲಶಾಹಿ ಸೀಮೆಗೊಬ್ಬ ಬಿಷಪ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂದಕೂಡಲೆ ಬಿಳಿಜೋಳ ನೆನಪಾದೀತು, ನಿಂಬೆಹಣ್ಣು ನೆನಪಾದೀತು, ಬಸವಣ್ಣನಂತೂ ನೆನಪಾಗಲೇಬೇಕು. ಚರ್ಚು ಯಾರ ನೆನಪಿಗೂ ಬರುವುದಿಲ್ಲ. “ಅದೇನಿದ್ದರೂ ಇಂಗ್ಲಿಷರು ಬಿಟ್ಟು ಹೋದದ್ದರೀ” ಅಂದುಬಿಡುತ್ತಾರೆ. ಆದರೆ ಇಂಗ್ಲಿಷರ ಆಡಳಿತ ಈ ಸೀಮೆಗೆ ಕಾಲಿಡುವ ಎಷ್ಟೋ ಮೊದಲು, ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲಶಾಹನ ಕಾಲದಲ್ಲೇ, ಬಿಜಾಪುರ ರಾಜ್ಯಕ್ಕೆಂದು ರೋಮಿನಿಂದ ಒಬ್ಬ ಬಿಷಪ್ ನೇಮಕವಾಗಿದ್ದ. ಅವನು ನಮ್ಮ ದೇಶದವನೇ.

ಹೆಸರು ಮತೇವುಸ್ ದೆ ಕಾಸ್ತ್ರೊ. ಗೋವೆಯ ದಿವಾಡಿ ದ್ವೀಪದವನು, ಕ್ರೈಸ್ತರಾದ ಬ್ರಾಹ್ಮಣರ ಮನೆಯ ಹುಡುಗ. ಪಾದ್ರಿಯಾಗಬೇಕೆಂಬ ಹಂಬಲ ಅವನದು. ಗೋವೆಯ ಆರ್ಚ್‌ಬಿಷಪ್ ಒಪ್ಪಲಿಲ್ಲ. ಈ ನೆಲದವರಿಗೆ ದೀಕ್ಷೆ ಕೊಡಲು ಪೋರ್ಚುಗೀಸರಿಗೆ ಮನಸ್ಸಿರಲಿಲ್ಲ. ದೇವರ ಮುಂದೆ ಎಲ್ಲರೂ ಒಂದೇ ಅಂತ ಪೀಠದ ಮೇಲೆ ನಿಂತು ಹೇಳುವವರೇ ಬಾಗಿಲಲ್ಲಿ ಬಣ್ಣ ನೋಡುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಹಣೆಬರಹ ಅಂದುಕೊಂಡು ತೋಟ ನೋಡಿಕೊಂಡಿರುತ್ತಿದ್ದರೇನೋ. ಇವನು ಮಾತ್ರ ಹೊರಟೇಬಿಟ್ಟ. 1625ರ ಹೊತ್ತಿಗೆ ರೋಮ್ ಸೇರಿದ. ಅಲ್ಲಿ ಓದಿದ, ದೀಕ್ಷೆ ಪಡೆದ, 1637ರಲ್ಲಿ ಬಿಷಪ್ಪನೂ ಆದ. ಪೋರ್ಚುಗೀಸರ ಕಿವಿಗೆ ಬೀಳದಂತೆ ಗುಟ್ಟಾಗಿ ಮಾಡಿದ ಅಭಿಷೇಕ ಅದು. ರೋಮಿನ ಕಾಗದಪತ್ರಗಳಲ್ಲಿ ಅವನ ಸೀಮೆಯ ಹೆಸರು ‘ಇದಲ್ಕಾನ್’. ಆದಿಲಖಾನ್ ಎಂಬುದನ್ನು ಅವರ ನಾಲಿಗೆ ತಿರುಚಿದ್ದು ಹಾಗೆ!

ತಿರುಗಿ ಬಂದರೆ ಗೋವೆಯಲ್ಲಿ ಅವನ ಅಧಿಕಾರಕ್ಕೆ ಮೂರುಕಾಸಿನ ಕಿಮ್ಮತ್ತಿಲ್ಲ. ಆಗ ಅವನು ಗಡಿ ದಾಟಿ ಆದಿಲಶಾಹಿ ನೆಲದ ಡಿಚೋಲಿಯಲ್ಲಿ ಕೂತ. ಅಲ್ಲಿ ಚರ್ಚು ಕಟ್ಟಿಸಿದ, ಗೋವೆಯವರು ಬೇಡವೆಂದ ಹುಡುಗರಿಗೆ ದೀಕ್ಷೆ ಕೊಟ್ಟ. ಕ್ರೈಸ್ತ ಅರಸರು ಜಾಗ ಕೊಡದ ಬಿಷಪ್ಪನಿಗೆ ಮುಸಲ್ಮಾನ ಸುಲ್ತಾನನ ರಾಜ್ಯದಲ್ಲಿ ಜಾಗ ಸಿಕ್ಕಿತು. ನನಗೆ ಈ ಮನುಷ್ಯನ ಮೇಲೆ ಮೋಹ ಹುಟ್ಟಿದ್ದೇ ಈ ಸಂಗತಿಯಿಂದ. 1653ರಲ್ಲಿ ‘ಬ್ರಾಹ್ಮಣರ ಕನ್ನಡಿ’ ಎಂಬ ಹೆಸರಿನ ಬರಹವೊಂದನ್ನು ಬರೆದು, ಪೋರ್ಚುಗೀಸರ ವಿರುದ್ಧ ಎದ್ದೇಳಿ ಅಂತ ಗೋವೆಯ ಕ್ರೈಸ್ತ ಬ್ರಾಹ್ಮಣರನ್ನು ಹುರಿದುಂಬಿಸಿದ. ಮರುವರ್ಷ ಬಿಜಾಪುರದ ದಂಡು ಗೋವೆಯ ಮೇಲೆ ಹೋದಾಗ, ಇದಕ್ಕೆಲ್ಲ ಇವನದೇ ಕುಮ್ಮಕ್ಕು ಅಂದರು. ಕಡೆಗೆ ಅವನು ರೋಮಿಗೆ ಹೋದವನು ಅಲ್ಲೇ ತೀರಿಕೊಂಡ.

ಮೋಹ ಇದ್ದರೂ ಒಂದು ಮಾತು ಹೇಳಲೇಬೇಕು. ಕಾಸ್ತ್ರೊ ಎಬ್ಬಿಸಲು ಹೊರಟದ್ದು ಬ್ರಾಹ್ಮಣರನ್ನು. ಕೆಳಗಿನ ಕೇರಿಯವರಿಗೆ ಆ ಕನ್ನಡಿಯಲ್ಲಿ ಮುಖವೇ ಇಲ್ಲ. ಬಿಳಿಯರ ಚರ್ಚನ್ನು ನಮ್ಮದು ಮಾಡಲು ಹೋದವನ ‘ನಾವು’ ಅಷ್ಟು ಸಣ್ಣದಿತ್ತು.

ಮುಂದಿನ ಇನ್ನೂರು ವರ್ಷವನ್ನು ಓಡುತ್ತಲೇ ದಾಟೋಣ. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಸಿಗುವ ಮುದಗಲ್ಲಿನಲ್ಲಿ ಹಳೆಯ ಕ್ಯಾಥೊಲಿಕ್ ಸಭೆಯೊಂದು ಉಸಿರು ಹಿಡಿದುಕೊಂಡಿತ್ತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದರು. ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ನೇಕಾರರ ಗುಳೇದಗುಡ್ಡ. 1876-78ರ ಬರ ಈ ಜಿಲ್ಲೆಯನ್ನು ಹುರಿದು ಹಾಕಿದ ಮೇಲೆ, 1885ರಲ್ಲಿ ಬಿಜಾಪುರ.

ಈ ಬಾಸೆಲ್ ಸಭೆಯಲ್ಲೇ ಬೆಳೆದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ಮಂಗಳೂರಲ್ಲಿ ದೇವಶಾಸ್ತ್ರ ಓದಿದರು, ಸಭಾಪಾಲಕರಾದರು. ಸುವಾರ್ತೆ ಹೇಳುವ ಕೆಲಸದ ನಡುವೆ ಸರ್ವಜ್ಞನ ಬೆನ್ನು ಹತ್ತಿ, ಹಳ್ಳಿಗರ ಬಾಯಲ್ಲಿದ್ದ, ಹಸ್ತಪ್ರತಿಗಳಲ್ಲಿದ್ದ ತ್ರಿಪದಿಗಳನ್ನು ಆರಿಸಿ 1924ರಲ್ಲಿ ಪುಸ್ತಕ ಮಾಡಿದರು. ನಾವು ಬಾಯಿಪಾಠ ಹೇಳುವ ಸರ್ವಜ್ಞ ಉಳಿದಿರುವುದರಲ್ಲಿ ಈ ಪಾದ್ರಿಯ ಪಾಲು ದೊಡ್ಡದು. ಬಾಗೇವಾಡಿಯ ಬಸವಣ್ಣನನ್ನೂ ಬಿಡಲಿಲ್ಲ, ಅಸ್ಪೃಶ್ಯರ ಉದ್ಧಾರಕ್ಕೆ ಅವನು ಮಾಡಿದ್ದೇನು ಅಂತ ಬರೆದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕ್ರಿಸ್ತನನ್ನು ಬಿಡದೆ ಬಸವಣ್ಣನ ಅಂಗಳಕ್ಕೆ ಹೋಗಿಬಂದ ಇಂಥವರು ಒಬ್ಬರಾದ ಮೇಲೆ ಒಬ್ಬರು ಬರಬೇಕಿತ್ತು. ಬರಲಿಲ್ಲ. ಇವತ್ತು ನಮ್ಮ ಕಡೆ ಚರ್ಚು ಅಂದರೆ ಇಂಗ್ಲಿಷ್ ಶಾಲೆಯ ಅಡ್ಮಿಶನ್ ಅಂತ ಆಗಿದೆ. ತಪ್ಪು ಕೇಳುವವರದೂ ಹೌದು, ಚರ್ಚಿನವರದೂ ಹೌದು.

ಆದರೂ ಸುಗ್ಗಿ ಹಬ್ಬದ ದಿನ ಒಮ್ಮೆ ಇಲ್ಲಿನ ಚರ್ಚಿಗೆ ಹೋಗಿ ನೋಡಿ. ಕಾಣಿಕೆಗೆ ಬಂದ ಜೋಳದ ಚೀಲ, ಕಡಲೆ ಸಿವುಡು, ಬುಟ್ಟಿ ತುಂಬ ನಿಂಬೆಹಣ್ಣು ಎಲ್ಲ ಹರಾಜಿಗೆ. ಒಂದು ತತ್ತಿಯನ್ನು ಕೂಗಿ ಕೊಂಡವರು ಮತ್ತೆ ಕಾಣಿಕೆಗೇ ಇಡುತ್ತಾರೆ, ಮತ್ತೊಬ್ಬರು ಕೂಗುತ್ತಾರೆ, ಸಂಜೆಯೊಳಗೆ ಆ ತತ್ತಿ ಒಂದು ಕುರಿಯ ಬೆಲೆ ಮುಟ್ಟುತ್ತದೆ. ಕೂಗುವವರಲ್ಲಿ ಬಹಳ ಮಂದಿ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿ ಹಬ್ಬಕ್ಕೆ ಬಂದವರು. ಅಲ್ಲಿ ಕೂತಾಗ ಚರ್ಚು ಯಾತಕ್ಕೆ ಅಂತ ಯಾರೂ ಕೇಳುವುದಿಲ್ಲ.

ಅಲ್ಲಿ ಕೂಗಿದ ಮನುಷ್ಯನೇ ಸೋಮವಾರ ಜಾತಿ ಸರ್ಟಿಫಿಕೇಟಿಗೆಂದು ತಹಶೀಲ್ದಾರ್ ಕಚೇರಿಗೆ ಹೋದರೆ ಗೋಜಲು ಶುರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನೊಬ್ಬ ಕ್ರೈಸ್ತನಾದರೆ ಆ ಪಟ್ಟಿಯಿಂದ ಹೊರಗೆ. ಸಿಖ್ಖರಾದವರನ್ನು 1956ರಲ್ಲಿ, ಬೌದ್ಧರಾದವರನ್ನು 1990ರಲ್ಲಿ ಒಳಗೆ ಸೇರಿಸಿಕೊಂಡರು. ಕ್ರೈಸ್ತರು, ಮುಸಲ್ಮಾನರು ಹೊರಗೇ ಉಳಿದರು. ಆದ್ದರಿಂದ ಭಾನುವಾರಕ್ಕೆ ಒಂದು ಗುರುತು, ಸರ್ಟಿಫಿಕೇಟಿಗೆ ಇನ್ನೊಂದು. ಮಗಳ ಸ್ಕಾಲರ್‌ಶಿಪ್ಪಿಗಾಗಿ ತನ್ನ ನಂಬಿಕೆಯನ್ನು ಬಾಯಿಬಿಟ್ಟು ಹೇಳಲಾರದ ತಂದೆಯನ್ನು ನಾನು ದೂಷಿಸಲಾರೆ. 2022ರಲ್ಲಿ ಕೇಂದ್ರ ಸರಕಾರ ಈ ಪ್ರಶ್ನೆ ಪರಿಶೀಲಿಸಲು ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. ಕ್ರೈಸ್ತರಾದ ಮೇಲೂ ನಿಮಗೆ ಜಾತಿಯ ಪೆಟ್ಟು ಬೀಳುತ್ತದೆಯೇ ಎಂಬುದು ಅಲ್ಲಿನ ವಿಚಾರಣೆಯ ಜೀವಾಳ. ಹೌದು ಅಂದರೆ ಚರ್ಚಿನ ಮಾನ ಹೋಗುತ್ತದೆ, ಇಲ್ಲ ಅಂದರೆ ಜನರ ಹಕ್ಕು ಹೋಗುತ್ತದೆ. ಹೌದು ಎಂದೇ ಹೇಳಬೇಕು, ಗಟ್ಟಿಯಾಗಿ ಹೇಳಬೇಕು ಅನ್ನುವವನು ನಾನು. ಮಾನದ ಮಾತು ಆಮೇಲೆ ನೋಡಿಕೊಳ್ಳೋಣ.