ನಮ್ಮ ಕಥೆಗಳ ಅತ್ತೆ



ನಾವು ಅಮೆರಿಕದಲ್ಲಿ ಕೂತು ಬರೆಯುವ ಕಥೆಗಳಲ್ಲಿ ಒಬ್ಬ ಅತ್ತೆ ಇದ್ದೇ ಇರುತ್ತಾರೆ. ಬಾಣಂತನಕ್ಕೆಂದು ಬರುತ್ತಾರೆ, ಸಾರಿಗೆ ಉಪ್ಪು ಸಾಲದು ಎನ್ನುತ್ತಾರೆ, ಮಗು ಹೆಣ್ಣೆಂದು ಮುಖ ಸಿಂಡರಿಸುತ್ತಾರೆ, ಆರು ತಿಂಗಳಿಗೆ ವಿಮಾನ ಹತ್ತುತ್ತಾರೆ. ಹೆಣ್ಣಿಗೆ ಹೆಣ್ಣೇ ಶತ್ರು ಎಂದು ನಾವು ತಲೆದೂಗುತ್ತೇವೆ. ಇಂಥವರು ಇಲ್ಲವೆಂದು ನಾನು ಹೇಳುತ್ತಿಲ್ಲ. ಧಾರಾಳವಾಗಿ ಇದ್ದಾರೆ. ಈಗ ಅದಕ್ಕೆ 'ಟಾಕ್ಸಿಕ್ ಫೆಮಿನಿನಿಟಿ' ಎಂಬ ಹೆಸರೂ ಬಂದಿದೆ. ಆದರೆ ಆ ವಿಷ ಎಲ್ಲಿಂದ ಬಂತು ಎಂದು ಕೇಳದೆ ಬರೆದರೆ ಅದು ಕಥೆಯಲ್ಲ, ಚಾಡಿ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿದ್ದೀರಿ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬಳು ಬಾಗಿಲಿಗೆ ಬರುತ್ತಾಳೆ. ಅವನಿಗೆಂದು ಮಸೂರ ಬೇಳೆಯ ಅಡುಗೆ ತಂದಿದ್ದಾಳೆ. ಅವಳ ಮೇಲೆ ಮುಗಿಬೀಳುವವರು ಅಮ್ಮ ಮತ್ತು ಮಾಲತಿ. ಕೇಳಲಾಗದ ಬೈಗುಳ. ಚಿಕ್ಕಪ್ಪ ಮಾತ್ರ ಹೊರಗೆ ಬರುವುದಿಲ್ಲ! ಆ ಮನೆ ನಡೆಯುವುದೇ ಅವನ ಮಸಾಲೆ ವ್ಯಾಪಾರದಿಂದ. ಅವನು ಕೈತಪ್ಪಿದರೆ ಇವರ ಗತಿ? ಆ ಹೆಂಗಸರನ್ನು ಕ್ಷಮಿಸಲು ನನಗಾಗಲಿಲ್ಲ, ಆದರೆ ಏನನ್ನು ಕಾಯುತ್ತಿದ್ದಾರೆಂದು ತಿಳಿಯಿತು.

ಎಂ.ಕೆ. ಇಂದಿರಾ ಇದಕ್ಕೆ ಬಹಳ ಮೊದಲೇ, 1976ರಲ್ಲಿ, 'ಫಣಿಯಮ್ಮ'ನನ್ನು ಕೊಟ್ಟರು. ಬಾಲವಿಧವೆ ಫಣಿಯಮ್ಮ ನನಗಾದದ್ದು ನಿನಗೂ ಆಗಲಿ ಎನ್ನಬಹುದಿತ್ತು. ಹಾಗೆನ್ನದೆ, ತಲೆ ಬೋಳಿಸಿಕೊಳ್ಳಲೊಪ್ಪದ ಎಳೆಯ ವಿಧವೆಯ ಪರ ನಿಲ್ಲುತ್ತಾಳೆ.

ಈಗ ನಮ್ಮ ಅತ್ತೆಯ ಬಳಿಗೆ ಬನ್ನಿ. ಕಾರು ಓಡಿಸಲು ಬಾರದು, ಕೈಯಲ್ಲಿ ಡಾಲರಿಲ್ಲ, ಪಕ್ಕದ ಮನೆಯವರ ಮುಖ ಕಂಡಿಲ್ಲ. ಊರಿನಲ್ಲಿ ಹತ್ತು ಜನಕ್ಕೆ ಬೇಕಾಗಿದ್ದವರು. ಇಲ್ಲಿ ಅವರ ಮಾತು ನಡೆಯುವುದು ಒಲೆಯ ಮುಂದೆ ಮಾತ್ರ. ಸೊಸೆಯದ್ದೂ ಅಷ್ಟೆ. 2015ರವರೆಗೆ ಎಚ್-4 ವೀಸಾದವರಿಗೆ ದುಡಿಯುವ ಅನುಮತಿಯೇ ಇರಲಿಲ್ಲ, ಇಂದಿಗೂ ಎಲ್ಲರಿಗಿಲ್ಲ. ಇಬ್ಬರೂ ಒಬ್ಬನ ಸಂಬಳದ ಮೇಲೆ ನಿಂತವರು. ಆ ಮಗರಾಯ ಬೇಸ್‌ಮೆಂಟಿನಲ್ಲಿ ಮೀಟಿಂಗಿನಲ್ಲಿದ್ದಾನೆ. ನಮ್ಮ ಕಥೆಗಾರರು, ಹೆಂಗಸರೂ ಸೇರಿ, ಅವನನ್ನು 'ಪಾಪ, ಇಬ್ಬರ ನಡುವೆ ಸಿಕ್ಕಿಕೊಂಡವನು' ಎಂದು ಬಿಟ್ಟುಬಿಡುತ್ತಾರೆ. ನಾನಾಗಿದ್ದರೆ ಅವನನ್ನು ಮೇಲಕ್ಕೆ ಕರೆಸುತ್ತಿದ್ದೆ.

ಮಧ್ಯಾಹ್ನದ ಕಥಾಗೋಷ್ಠಿಗೆ ಬರುವವರು ಒಂದು ದೃಶ್ಯ ಬರೆದು ತನ್ನಿ. ಜನವರಿ, ಹೊರಗೆ ಹಿಮ, ಅತ್ತೆ ಬಂದು ನಾಲ್ಕು ತಿಂಗಳು. ತಂಗಿಗೆ ಫೋನ್ ಮಾಡಬೇಕೆನಿಸಿದೆ, ಬೆಂಗಳೂರಿನಲ್ಲಿ ನಡುರಾತ್ರಿ. ಸೊಸೆ ಮಗುವನ್ನೆತ್ತಿಕೊಂಡು ಅಡುಗೆಮನೆಗೆ ಬರುತ್ತಾಳೆ. ಮೊದಲ ಮಾತು ಅತ್ತೆಯದಾಗಿರಲಿ.