ದಂಡೆಯ ಮೇಲಿನ ಮಾತು



ಇಂದಿನ ಅನುಭಾವಗೋಷ್ಠಿಗೆ ‘ಸಾಹಿತ್ಯದಲ್ಲಿ ಸಮುದ್ರ’ ಎಂಬ ವಿಷಯವನ್ನು ಗೊತ್ತುಮಾಡಿದ್ದಾರೆ. ಇದನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ನಾವು ಬಯಲುಸೀಮೆಯ ಜನ. ಮುಗಿಲು ನೋಡಿ ಬಿತ್ತುವವರು. ನಮಗೂ ಸಮುದ್ರಕ್ಕೂ ಏನು ಸಂಬಂಧ? ಆದರೆ ವಿಚಾರ ಮಾಡಿ ನೋಡಿರಿ. ಸಮುದ್ರವನ್ನೇ ಕಾಣದ ನಮ್ಮ ಮನೆಗಳಲ್ಲಿ ಅದು ದಿನಾಲು ಎರಡು ಕಡೆ ಇರುತ್ತದೆ. ಒಂದು, ಅಡಿಗೆಮನೆಯ ಉಪ್ಪಿನ ಗಡಿಗೆಯಲ್ಲಿ. ಇನ್ನೊಂದು, ನಾಲಿಗೆಯ ಮೇಲೆ. ಕಷ್ಟ ಬಂದರೆ ‘ಸಂಸಾರ ಸಾಗರ’ ಎನ್ನುತ್ತೇವೆ. ದಯೆಯುಳ್ಳವರನ್ನು ‘ಕರುಣಾಸಾಗರ’ ಎನ್ನುತ್ತೇವೆ. ಗಡಿಗೆಯಲ್ಲಿರುವ ಉಪ್ಪಿಗೆ ರುಚಿಯಿದೆ. ನಾಲಿಗೆಯ ಮೇಲಿರುವ ಸಮುದ್ರಕ್ಕೆ ರುಚಿಯಿದೆಯೆ? ಇದೇ ಇಂದಿನ ಪ್ರಶ್ನೆ.

ಈ ಪ್ರಶ್ನೆ ನಮ್ಮ ಬುದ್ಧಿಯಿಂದ ಹುಟ್ಟಿದ್ದಲ್ಲ. ಒಬ್ಬ ತಾಯಿ ಹುಟ್ಟಿಸಿದ್ದು. ಆಗ ನಾವು ಪೀಠಕ್ಕೆ ಬಂದ ಹೊಸದು. ಹತ್ತಿರದ ಹಳ್ಳಿಯಲ್ಲಿ ಒಬ್ಬ ರೈತ ತೀರಿಕೊಂಡಿದ್ದ. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಬಾವಿ ತೋಡಿಸಲು ಸಾಲ ಮಾಡಿದ್ದ. ಬಾವಿಗೆ ನೀರು ಬರಲಿಲ್ಲ, ಸಾಲಕ್ಕೆ ಬಡ್ಡಿ ಬಂತು. ಹೆಂಡತಿ, ಮೂರು ಮಕ್ಕಳು. ಸಂತೈಸಬೇಕೆಂದು ಅವರ ಮನೆಗೆ ಹೋದೆವು. ಹಾಸಿದ ಕಂಬಳಿಯ ಮೇಲೆ ಕುಳಿತು, ಓದಿದ್ದನ್ನೆಲ್ಲ ಹೇಳಿದೆವು. ಸಂಸಾರವೆಂಬುದು ಸಾಗರ, ಕಷ್ಟಗಳು ಅದರ ತೆರೆಗಳು, ಎದೆಗುಂದದೆ ದಾಟಬೇಕು, ಹೀಗೆ ಅರ್ಧ ಗಂಟೆ. ಆ ತಾಯಿ ಎಲ್ಲವನ್ನೂ ಕೇಳಿದಳು. ಆಮೇಲೆ ತಲೆಯೆತ್ತಿ, “ಅಪ್ಪಾರ, ನೀವು ಸಮುದ್ರ ನೋಡೀರೇನ್ರಿ?” ಎಂದಳು.

“ಇಲ್ಲವ್ವಾ” ಎಂದೆವು.

“ನಾನೂ ನೋಡಿಲ್ರಿ. ಆದ್ರ ನಾ ಮುಳುಗಾಕತ್ತೀನ್ರಿ. ನೀವು ದಂಡಿ ಮ್ಯಾಲ ಕುಂತು, ನೀರು ಭಾಳ ಐತಿ ಅಂತ ಹೇಳಾಕತ್ತೀರಿ.”

ಹಿರಿಯರು ಆಕೆಯನ್ನು ಗದರಿಸಿದರು. ನಾವು ತಡೆದೆವು. ಗದರಿಸಬೇಕಾದದ್ದು ನಮ್ಮನ್ನು. ನಮ್ಮ ಮಾತಿನಲ್ಲಿ ಸಾಗರವಿತ್ತು, ನೀರಿರಲಿಲ್ಲ. ಆ ದಿನ ಮಠಕ್ಕೆ ಮರಳಿದವರಿಗೆ ಪ್ರಸಾದ ಸೇರಲಿಲ್ಲ.

ಮುಂದೆ ಒಮ್ಮೆ ಗೋಕರ್ಣದ ಸೀಮೆಗೆ ಹೋಗುವ ಪ್ರಸಂಗ ಬಂತು. ಅಲ್ಲಿ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ಕಂಡೆವು. ಉಪ್ಪುನೀರನ್ನು ಮಡಿಮಡಿಯಾಗಿ ಮಾಡಿದ ನೆಲಕ್ಕೆ ಬಿಡುತ್ತಾರೆ. ಬಿಸಿಲು ನೀರನ್ನು ಕುಡಿಯುತ್ತದೆ, ಬೆಳ್ಳಗೆ ಉಪ್ಪು ಉಳಿಯುತ್ತದೆ. ಉರಿಬಿಸಿಲಿನಲ್ಲಿ ನಿಂತು ಅದನ್ನು ಎಳೆಯುವವರ ಕಾಲು ನೋಡಿದೆವು. ನಮ್ಮ ಗಡಿಗೆಯ ಉಪ್ಪಿನ ಹಿಂದೆ ಕಡಲಷ್ಟೇ ಅಲ್ಲ, ಕಾಯಕವೂ ಇದೆ ಎಂದು ತಿಳಿಯಿತು. ಅಲ್ಲಿಂದ ತದಡಿಗೆ ಹೋದೆವು. ಅಘನಾಶಿನಿ ಹೊಳೆ ಅಲ್ಲಿ ಕಡಲು ಸೇರುತ್ತದೆ. ಬಲೆ ಹೆಣೆಯುತ್ತ ಕುಳಿತ ಒಬ್ಬ ಮುದುಕರನ್ನು, “ಇದನ್ನು ದಾಟಿದರೆ ಆಚೆ ಏನಿದೆ ಯಜಮಾನರೆ?” ಎಂದು ಕೇಳಿದೆವು. ಅವರು ನಕ್ಕರು. ದಾಟುವವರು ಹಡಗಿನವರು, ನಾವು ದಾಟುವವರಲ್ಲ, ಹೋಗುತ್ತೇವೆ, ಮನೆಗೆ ಬರುತ್ತೇವೆ ಎಂದರು. ಕಳೆದ ಮಳೆಗಾಲದಲ್ಲಿ ಅವರ ತಮ್ಮನ ಮಗ ಬಂದಿರಲಿಲ್ಲ. ಅದನ್ನು ಹೇಳುವಾಗಲೂ ಅವರ ಕೈ ಬಲೆಯನ್ನು ಬಿಡಲಿಲ್ಲ. ಶ್ರಾವಣದ ಹುಣ್ಣಿಮೆಗೆ ಅದೇ ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಮಗನನ್ನು ಒಯ್ದದ್ದೂ ಅದೇ, ಅನ್ನ ಕೊಡುವುದೂ ಅದೇ. ಎರಡನ್ನೂ ಬಲ್ಲವರಿಗೆ ಕಡಲು ಬರಿಯ ಉಪಮೆಯಾಗಿ ಉಳಿಯುವುದಿಲ್ಲ.

ಕಡಲನ್ನು ಬರೆದ ದೊಡ್ಡವರಿಗೂ ಈ ಅರಿವಿತ್ತು. ಅಮೆರಿಕದ ಹೆಮಿಂಗ್ವೇ ಕ್ಯೂಬಾದ ಕಡಲಿನಲ್ಲಿ ವರ್ಷಗಟ್ಟಲೆ ತಾವೇ ಮೀನು ಹಿಡಿದವರು. ಅವರು ಬರೆದ ಒಬ್ಬ ಮುದಿ ಬೆಸ್ತನ ಕಥೆ 1952ರಲ್ಲಿ ಅಚ್ಚಾಯಿತು. ಎಂಬತ್ತನಾಲ್ಕು ದಿನ ಮೀನು ಸಿಕ್ಕಿರುವುದಿಲ್ಲ. ಮರುದಿನವೂ ದೋಣಿ ನೀರಿಗಿಳಿಯುತ್ತದೆ. ಸಿಕ್ಕ ದೊಡ್ಡ ಮೀನನ್ನು ಶಾರ್ಕುಗಳು ತಿಂದುಹಾಕುತ್ತವೆ. ಮುದುಕ ಎಲುಬುಗೂಡನ್ನು ಎಳೆದುಕೊಂಡು ದಡ ಸೇರುತ್ತಾನೆ. ಲೋಕವೆಲ್ಲ ಇದು ಜೀವನದ ಸಂಕೇತ ಎಂದಿತು. ಹೆಮಿಂಗ್ವೇ ಮಾತ್ರ ಸ್ನೇಹಿತರಿಗೆ ಬರೆದ ಕಾಗದದಲ್ಲಿ, ಅದರಲ್ಲಿ ತಾವು ಯಾವ ಸಂಕೇತವನ್ನೂ ಇಟ್ಟಿಲ್ಲವೆಂದರು. ನಮ್ಮ ಶಿವರಾಮ ಕಾರಂತರು ಕಡಲ ಸೆರಗಿನ ಕೋಟದಲ್ಲಿ 1902ರಲ್ಲಿ ಹುಟ್ಟಿದವರು. ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಉಪದೇಶ ಮಾಡುವುದಿಲ್ಲ. ಮೂರು ತಲೆಮಾರಿನ ದುಡಿಮೆಯ ಪಕ್ಕದಲ್ಲಿ, ಆ ಮನೆಯ ಹೆಣ್ಣುಮಕ್ಕಳ ಬವಣೆಯ ಪಕ್ಕದಲ್ಲಿ ಅದು ತನ್ನ ಪಾಡಿಗೆ ತಾನು ಇರುತ್ತದೆ. ಇದ್ದದ್ದನ್ನು ಇದ್ದಂತೆ ಬರೆದಾಗ ಸಂಕೇತ ತಾನಾಗಿ ಬರುತ್ತದೆ. ಕರೆದು ಕೂಡ್ರಿಸಬೇಕಾಗಿಲ್ಲ.

ಹಾಗಾದರೆ ಕಣ್ಣಾರೆ ಕಂಡವರೇ ಬರೆಯಬೇಕೆ, ಕಂಡವರೇ ಮಾತಾಡಬೇಕೆ ಎಂದು ನೀವು ಕೇಳಬಹುದು. ಇಲ್ಲ. ಇಂಗ್ಲೆಂಡಿನ ಕವಿ ಕೋಲ್‌ರಿಜ್ ಮುದಿ ನಾವಿಕನ ಕಥನಗೀತೆಯನ್ನು ಬರೆದಾಗ ಇನ್ನೂ ಒಂದು ಕಡಲಯಾನವನ್ನೂ ಮಾಡಿರಲಿಲ್ಲ. ಆ ಗೀತೆ 1798ರಲ್ಲಿ ಅಚ್ಚಾಯಿತು. ನಾವಿಕನೊಬ್ಬ ಕಾರಣವಿಲ್ಲದೆ ಒಂದು ಕಡಲಹಕ್ಕಿಯನ್ನು ಕೊಲ್ಲುತ್ತಾನೆ. ಗಾಳಿ ನಿಲ್ಲುತ್ತದೆ. ಕಡಲ ನಡುವೆಯೇ ಬಾಯಾರಿ ಸಂಗಾತಿಗಳು ಸಾಯುತ್ತಾರೆ. ನೀರಿನಲ್ಲಾಡುವ ಜೀವಿಗಳನ್ನು ಆತ ಮನಸಾರೆ ಹರಸಿದ ಕ್ಷಣದಲ್ಲಿ ಕೊರಳ ಭಾರ ಕಳಚಿ ಬೀಳುತ್ತದೆ. ಕೋಲ್‌ರಿಜ್‌ಗೆ ಕಡಲನ್ನು ತೋರಿಸಿಕೊಟ್ಟದ್ದು ನಾವಿಕರ ಬರಹಗಳು. ಆದರೆ ಪಶ್ಚಾತ್ತಾಪವನ್ನು ಯಾವ ಪುಸ್ತಕವೂ ಕೊಡಲಾರದು. ಅದು ಉಂಡವರಿಗೆ ಮಾತ್ರ ಗೊತ್ತು.

ನಮ್ಮ ಅಕ್ಕಮಹಾದೇವಿಯನ್ನು ನೆನೆಯಿರಿ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಅಕ್ಕ ನಡೆದದ್ದು ನೆಲದ ದಾರಿ. ಆದರೂ ಬೆಟ್ಟದ ಮನೆ, ಸಂತೆಯ ಮನೆ ಇವುಗಳ ನಡುವೆ ಅಕ್ಕ ಕಡಲಂಚಿನ ಮನೆಯನ್ನು ಇಟ್ಟು, ಲೋಕದ ಸ್ತುತಿನಿಂದೆಗಳ ನಡುವೆ ಬಾಳುವ ಬಗೆ ಹೇಳಿದಳು. ಆ ಮಾತು ಎಂಟು ಶತಮಾನ ದಾಟಿಯೂ ಏಕೆ ಉಳಿಯಿತು? ಅರಮನೆ ಬಿಟ್ಟು ಒಂಟಿಯಾಗಿ ಹೊರಟ ಹೆಣ್ಣು ಆಕೆ. ನಿಂದೆಯ ಪೆಟ್ಟು ಆಕೆಗೆ ಮೈಯುಂಡ ಅನುಭವ. ಇನ್ನೊಂದನ್ನು ಗಮನಿಸಿರಿ. ಅಕ್ಕ ದಾಟಿ ಹೋಗುವ ಮಾತನ್ನು ಅಲ್ಲಿ ಆಡುವುದಿಲ್ಲ, ಅಂಜದೆ ಅಲ್ಲಿಯೇ ಇರುವ ಮಾತಾಡುತ್ತಾಳೆ. ತದಡಿಯ ಮುದುಕರೂ ತಿಳಿಯದೆಯೇ ಅದನ್ನೇ ಹೇಳಿದ್ದರು. ಸಂಸಾರವನ್ನು ಬಿಟ್ಟು ಓಡುವುದನ್ನು ಶರಣರು ಒಪ್ಪಲಿಲ್ಲ. ಇದ್ದು, ದುಡಿದು, ಹಂಚಿ ತಿಂದು ಬಾಳುವುದೇ ಅವರ ದಾರಿ.

ದಾಟಿಸುವ ಶರಣರೂ ನಮ್ಮಲ್ಲಿದ್ದರು. ಅಂಬಿಗರ ಚೌಡಯ್ಯನವರು. ತುಂಗಭದ್ರೆಯ ದಂಡೆಯ ಚೌಡದಾನಪುರ ಅವರ ಹೆಸರನ್ನೇ ಹೊತ್ತಿದೆ. ಬೇರೆ ಶರಣರು ದೇವರ ಹೆಸರನ್ನು ಅಂಕಿತ ಮಾಡಿಕೊಂಡರೆ, ಇವರು ತಮ್ಮ ಹೆಸರನ್ನೂ ಕಾಯಕವನ್ನೂ ಅಂಕಿತವಾಗಿ ಇಟ್ಟುಕೊಂಡರು. ಹುಟ್ಟು ಹಿಡಿದು ಗಟ್ಟಿಯಾದ ಕೈಗೆ ಆ ಅಧಿಕಾರವಿತ್ತು. ಅಂಬಿಗನ ಕೆಲಸ ಎಂಥದ್ದು? ಆತ ಆಚೆ ದಡ ಮುಟ್ಟಿ ಅಲ್ಲಿಯೇ ಕುಳಿತುಬಿಡುವುದಿಲ್ಲ. ಒಬ್ಬರನ್ನು ಇಳಿಸಿ, ಇನ್ನೊಬ್ಬರಿಗಾಗಿ ಖಾಲಿ ದೋಣಿಯನ್ನು ಮರಳಿ ತರುತ್ತಾನೆ. ತಾನೊಬ್ಬನೇ ದಾಟಿದವನು ಪ್ರಯಾಣಿಕ. ಮರಳಿ ಬಂದವನು ಅಂಬಿಗ. ಗುರುವೆನಿಸಿಕೊಂಡವನು ಯಾವುದಾಗಬೇಕೆಂದು ನೀವೇ ಹೇಳಿರಿ.

ಕಡಲು ಕಂಡು ಬಂದ ಮೇಲೆ ನಾವು ಆ ತಾಯಿಯ ಮನೆಗೆ ಮತ್ತೆ ಹೋದೆವು. ಈ ಸಲ ಉಪಮೆ ಹೇಳಲಿಲ್ಲ. ಸಾಲದ ಕಾಗದಗಳನ್ನು ತರಿಸಿ ತಿಳಿದವರಿಂದ ಓದಿಸಿದೆವು. ಸಾಲ ಕೊಟ್ಟವರನ್ನು ಊರ ಹಿರಿಯರ ಮುಂದೆ ಕೂಡ್ರಿಸಿದೆವು. ಬಡ್ಡಿ ಅರ್ಧಕ್ಕೆ ಇಳಿಯಿತು, ಅಸಲು ಉಳಿಯಿತು. ಹಿರಿಯ ಮಗ ಮಠದ ಪ್ರಸಾದನಿಲಯಕ್ಕೆ ಬಂದ. ಇದು ದೊಡ್ಡ ಕೆಲಸವಲ್ಲ, ಮೊದಲೇ ಮಾಡಬೇಕಾಗಿದ್ದದ್ದು. ಹೊರಡುವಾಗ ಆ ತಾಯಿ, “ಸಮುದ್ರ ಹ್ಯಾಂಗ ಇತ್ರೀ ಅಪ್ಪಾರ?” ಎಂದು ಕೇಳಿದಳು. “ಉಪ್ಪು ಐತವ್ವಾ” ಎಂದೆವು. ಆಕೆ ಅಂದು ಮೊದಲ ಸಲ ನಕ್ಕಳು.

ಶರಣಬಂಧುಗಳೆ, ಸತ್ತವರ ಮನೆಗೆ, ಬೆಳೆ ಹೋದವರ ಮನೆಗೆ ನೀವೂ ಹೋಗುತ್ತೀರಿ. ದೊಡ್ಡ ಮಾತು ನಾಲಿಗೆಗೆ ಬಂದಾಗ ಒಂದು ಗಳಿಗೆ ತಡೆಯಿರಿ. ನಾನು ದಂಡೆಯ ಮೇಲಿದ್ದೇನೋ, ನೀರಿನಲ್ಲಿದ್ದೇನೋ ಎಂದು ಕೇಳಿಕೊಳ್ಳಿರಿ. ದಂಡೆಯ ಮೇಲಿದ್ದರೆ ಮಾತು ಬೇಡ, ಕೈ ಚಾಚಿರಿ. ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ.